ಕತ್ತರಿ ಕಾಣದ ಮೊಣಕಾಲು

ಸ್ಕೂಟಿಯಿಂದ ಬಿದ್ದು ಪೆಟ್ಟಾದ ನನ್ನ ಎಡ ಮೊಣಕಾಲಿಗೆ ಆಪರೇಷನ್ ಆಗಿಲ್ಲ ಎಂದು ತಿಳಿದವರು ಮೊದಲು ಕೇಳುವುದು, "ಹಾಗಾದರೆ ಹಾಗೇ ಬಿಟ್ಟುಬಿಟ್ಟಿರಾ?" ಎಂದು. ಇಲ್ಲ ಸ್ವಾಮಿ, ಹಾಗೇ ಬಿಡಲಿಲ್ಲ. ಆಪರೇಷನ್ ಮಾಡಿಸಿಕೊಂಡಿದ್ದರೆ ಎಷ್ಟು ಬೆವರು ಸುರಿಸಬೇಕಿತ್ತೋ ಅಷ್ಟನ್ನೂ ಸುರಿಸಿದ್ದೇನೆ. ಮದುವೆ ಮನೆಗಳಲ್ಲಿ, ಬ್ಯಾಂಕಿನ ಸಾಲಿನಲ್ಲಿ ನಿಂತು ಇದನ್ನೇ ವಿವರಿಸಿ ಸಾಕಾಗಿದೆ. ಒಮ್ಮೆ ಬರೆದು ಮುಗಿಸುತ್ತೇನೆ. ನಾನು ವೈದ್ಯೆಯಲ್ಲ, ಕಲಬುರಗಿಯ ಕಾಳಿನ ಮಾರುಕಟ್ಟೆಯಾದ ಗಂಜ್‌ನಲ್ಲಿರುವ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವಳು. ಎಲ್ಲವನ್ನೂ ಕಾಲಂ ಎಳೆದು ಬರೆದಿಡುವುದು ನಮ್ಮ ಕಸುಬಿನ ಚಟ. ಮೊಣಕಾಲಿಗೂ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೆ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದೆಲ್ಲ ಅದರಿಂದಲೇ ಬಂದದ್ದು.

ಬಿದ್ದ ಕಥೆ ಚಿಕ್ಕದು. ತೊಗರಿ ಆವಕದ ದಿನಗಳಲ್ಲಿ ಗಂಜ್‌ನ ರಸ್ತೆ ನೋಡಿದವರಿಗೆ ಹೇಳಬೇಕಾಗಿಲ್ಲ. ಲಾರಿ, ಟಂಟಂ, ಚೀಲ ಹೊತ್ತ ಹಮಾಲರು ಎಲ್ಲರಿಗೂ ಅದೊಂದೇ ದಾರಿ. ಹರಿದ ಚೀಲದಿಂದ ಸುರಿದ ಕಾಳು ಡಾಂಬರಿನ ಮೇಲೆ ಹರಡಿರುತ್ತದೆ. ನನ್ನ ಸ್ಕೂಟಿಯ ಮುಂಗಾಲಿ ಅದರ ಮೇಲೆ ಜಾರಿತು. ಎಡಗಾಲು ಊರಿದೆ. ಪಾದ ಅಲ್ಲೇ ನಿಂತಿತು, ಗಾಡಿಯ ಭಾರದೊಂದಿಗೆ ಮೈ ತಿರುಗಿತು, ಮೊಣಕಾಲು ಒಳಮುಖವಾಗಿ ಬಾಗಿತು. ಒಳಗೆಲ್ಲೋ 'ಟಪ್' ಎಂದಿತು. "ಅಕ್ಕಾವರೇ, ಕಾಲು ಊರಬೇಡಿರಿ" ಎನ್ನುತ್ತ ಹಮಾಲರೊಬ್ಬರು ಓಡಿ ಬಂದು ಗಾಡಿ ಎತ್ತಿದರು. ನಮ್ಮ ತೊಗರಿಗೆ 2019ರಲ್ಲಿ ಈ ನೆಲದ್ದೇ ಬೆಳೆ ಎಂಬ ಜಿಐ ಮಾನ್ಯತೆ ಸಿಕ್ಕಿದಾಗ ಮಿಲ್ಲಿನಲ್ಲಿ ಪೇಡೆ ಹಂಚಿದ್ದವಳು ನಾನೇ; ಅದೇ ತೊಗರಿ ನನ್ನನ್ನು ಕೆಡವಿತು ಎಂದು ಸಾಹುಕಾರರು ಈಗಲೂ ನಗುತ್ತಾರೆ.

ಸಂಜೆಯ ಹೊತ್ತಿಗೆ ಮೊಣಕಾಲಿನ ಚಿಪ್ಪು ಕಾಣದಷ್ಟು ಬಾವು. ಎಕ್ಸ್‌ರೇಯಲ್ಲಿ ಎಲುಬು ಮುರಿದಿರಲಿಲ್ಲ. "ಏನೂ ಆಗಿಲ್ಲ, ಉಳುಕು ಅಷ್ಟೇ" ಎಂದು ಕ್ರೇಪ್ ಬ್ಯಾಂಡೇಜ್ ಸುತ್ತಿ, ನೋವಿನ ಗುಳಿಗೆ ಕೊಟ್ಟು ಮನೆಗೆ ಕಳುಹಿಸಿದರು. ಎಕ್ಸ್‌ರೇ ತೋರಿಸುವುದು ಎಲುಬನ್ನು. ಎಲುಬಿಗೆ ಎಲುಬನ್ನು ಕಟ್ಟಿಹಿಡಿಯುವ ಲಿಗಮೆಂಟ್ ಅದರಲ್ಲಿ ಕಾಣುವುದಿಲ್ಲ. ತಿರುಚಿದ ಮೊಣಕಾಲು ಕೆಲವೇ ಗಂಟೆಗಳಲ್ಲಿ ಹೀಗೆ ಉಬ್ಬಿದರೆ ಕೀಲಿನೊಳಗೆ ರಕ್ತ ಸೇರಿದೆ ಎಂದು ಅನುಮಾನಿಸಬೇಕು. ಮರುದಿನ ನಿಧಾನವಾಗಿ ಏರುವ ಬಾವಿನ ಜಾತಿ ಬೇರೆ. ಇದನ್ನು ನನಗೆ ಆಮೇಲೆ ಇನ್ನೊಬ್ಬ ವೈದ್ಯರು ಹೇಳಿದರು. ಯಾರಾದರೂ ಹೀಗೆ ಬಿದ್ದರೆ ನಾನು ಈಗ ಮೊದಲು ಕೇಳುವ ಪ್ರಶ್ನೆ "ಬಾವು ಯಾವಾಗ ಬಂತು?" ಎಂಬುದೇ.

ಮನೆಯಲ್ಲಿ ಅತ್ತೆಯವರ ಆಡಳಿತ ಆರಂಭವಾಯಿತು. ಔಡಲೆಣ್ಣೆ ಬಿಸಿಯಾಯಿತು, ಹೊಲದಿಂದ ಲೆಕ್ಕಿ ಸೊಪ್ಪು ಬಂತು. ಅವರ ಮಂಡಿನೋವಿಗೆ ಅದು ಹಿತವೆನಿಸುತ್ತದೆ, ಸರಿ. ಆದರೆ ಹೊಸ ಪೆಟ್ಟಿಗೆ, ಅದೂ ಒಳಗೆ ರಕ್ತ ತುಂಬಿ ಕಾವೇರಿದ ಕೀಲಿಗೆ, ಮೊದಲ ದಿನಗಳಲ್ಲಿ ಶಾಖ ಬೇಡವೆಂದು ನಾನು ಕೇಳಿ ತಿಳಿದಿದ್ದೆ. ಸೊಪ್ಪಿನ ಬದಲು ಟವೆಲಿನಲ್ಲಿ ಸುತ್ತಿದ ಬರ್ಫ ಇಟ್ಟುಕೊಂಡೆ. ಅದಕ್ಕಿಂತ ದೊಡ್ಡ ಗಂಡಾಂತರ ಅಫಜಲಪುರದ ಕಡೆಯ ಹಳ್ಳಿಯೊಂದರಲ್ಲಿ ಕಾದಿತ್ತು. ಅಲ್ಲಿ ಒಬ್ಬರು ಕಾಲನ್ನು ಎಳೆದು, ತಿಕ್ಕಿ, 'ನರ ಕೂರಿಸುತ್ತಾರೆ' ಎಂದು ಓಣಿಯವರೆಲ್ಲ ಹೇಳಿದರು. ಹರಿದಿರಬಹುದಾದದ್ದನ್ನು ಎಳೆಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. "ಬಾವು ಇಳಿಯಲಿ ಅತ್ತೆ, ಆಮೇಲೆ ನೋಡೋಣ" ಎಂದು ದಿನ ದೂಡಿದೆ. ಹಿರಿಯರಿಗೆ ಬೇಡ ಎನ್ನುವುದಕ್ಕಿಂತ ಆಮೇಲೆ ಎನ್ನುವುದು ಸುಲಭ.

ನಡೆಯಲು ಹೋದರೆ ಕಾಲು ಕೈಕೊಡುತ್ತಿತ್ತು. ಎಂಆರ್‌ಐ ಮಾಡಿಸಿದೆವು. ವರದಿಯಲ್ಲಿ ಮುಖ್ಯವಾಗಿ ಎರಡು ವಿಷಯಗಳಿದ್ದವು. ಮೊಣಕಾಲಿನ ಒಳಬದಿಯ ಪಟ್ಟಿಯಂಥ ಲಿಗಮೆಂಟ್, ಅಂದರೆ ಎಂಸಿಎಲ್, ಎರಡನೆಯ ದರ್ಜೆಯಷ್ಟು, ಅಂದರೆ ಅರೆಬರೆಯಾಗಿ ಹರಿದಿತ್ತು. ಕೀಲಿನ ನಟ್ಟನಡುವೆ ಇರುವ ಎಸಿಎಲ್ ಪೂರ್ತಿ ಹರಿದಿತ್ತು. ಮೂರು ಸೆಂಟಿಮೀಟರಿನಷ್ಟು ಉದ್ದದ ಹುರಿ ಅದು. ಮೊಣಕಾಲಿನ ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಹಿಡಿಯುವುದು ಅದರ ಕೆಲಸ. ಎಲುಬುಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಮಾತ್ರ ಕೆಟ್ಟಿರಲಿಲ್ಲ. ಆ ಒಂದು ಸಾಲು ನನ್ನ ಪಾಲಿಗೆ ಎಂಥ ಭಾಗ್ಯವೆಂದು ಅಂದು ಗೊತ್ತಿರಲಿಲ್ಲ. ಮೆನಿಸ್ಕಸ್ ಹರಿದು ಮಡಚಿ ಕೀಲಿನ ನಡುವೆ ಸಿಕ್ಕಿಕೊಂಡಿದ್ದರೆ ಮೊಣಕಾಲು ನೆಟ್ಟಗಾಗದೆ ಬಿಗಿದುಕೊಳ್ಳುತ್ತಿತ್ತು, ಮುಂದಿನ ಕಥೆಯೇ ಬೇರೆಯಾಗುತ್ತಿತ್ತು.

ಮೊದಲು ನೋಡಿದ ಶಸ್ತ್ರವೈದ್ಯರು ವರದಿಯನ್ನು ಬೆಳಕಿಗೆ ಹಿಡಿದು, ತೊಡೆಯ ಹಿಂಬದಿಯ ಟೆಂಡನ್ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ತೆಗೆದು ಹೊಸ ಲಿಗಮೆಂಟ್ ಕೂರಿಸಬೇಕು, ದಿನಾಂಕ ಗೊತ್ತುಮಾಡಿಕೊಳ್ಳಿ ಎಂದರು. ತಪ್ಪು ಹೇಳಿದರು ಎಂದು ನಾನು ಹೇಳುವುದಿಲ್ಲ. ಅದು ಜಗತ್ತಿನಾದ್ಯಂತ ನಡೆಯುವ, ಚೆನ್ನಾಗಿ ಪಳಗಿದ ಆಪರೇಷನ್. ಆದರೆ ಅವರು ನನ್ನ ಕಾಲನ್ನು ಮುಟ್ಟಿ ನೋಡಿದ್ದು ಅರೆಗಳಿಗೆ. ನಾನು ಏನು ಕೆಲಸ ಮಾಡುತ್ತೇನೆ, ಆಟ ಆಡುತ್ತೇನೆಯೇ, ಮೆಟ್ಟಿಲು ಎಷ್ಟು ಹತ್ತುತ್ತೇನೆ ಎಂಬ ಒಂದು ಪ್ರಶ್ನೆಯೂ ಬರಲಿಲ್ಲ.

ನಮ್ಮ ಕಡೆ ಎಲುಬಿನ ವಿಷಯ ಬಂದರೆ ಜನ ಎರಡು ಪಂಗಡವಾಗುತ್ತಾರೆ. ಒಂದು ಸೊಲ್ಲಾಪುರದ ಪಂಗಡ, ಇನ್ನೊಂದು ಹೈದರಾಬಾದಿನದು. ಮೈದುನ ಸೊಲ್ಲಾಪುರಕ್ಕೆ ರೈಲಿನ ಟಿಕೆಟ್ ನೋಡತೊಡಗಿದ, ನೆಗೆಣ್ಣಿಯ ತವರಿನವರು ಹೈದರಾಬಾದಿನಲ್ಲಿ ಉಳಿದುಕೊಳ್ಳಲು ಮನೆಯನ್ನೇ ಸಿದ್ಧಮಾಡಿದರು. ಪ್ರೀತಿಯೇ, ಅನುಮಾನವಿಲ್ಲ. ಆದರೆ ಒಂದು ಸರಳ ಲೆಕ್ಕ ಯಾರ ತಲೆಗೂ ಹೊಳೆಯಲಿಲ್ಲ: ಆಪರೇಷನ್ನಿಗೆ ದೂರದ ಊರಿಗೆ ಒಮ್ಮೆ ಹೋಗಿ ಬರಬಹುದು, ವ್ಯಾಯಾಮಕ್ಕೆ ವಾರಕ್ಕೆ ಮೂರು ಸಲ ಹೈದರಾಬಾದಿಗೆ ಹೋಗಲಾಗುವುದಿಲ್ಲ. ಆಪರೇಷನ್ ಆದ ಮೇಲೂ ತಿಂಗಳುಗಟ್ಟಲೆ ಫಿಸಿಯೋಥೆರಪಿ ಬೇಕೇಬೇಕು. ಅದು ಊರಲ್ಲೇ ಆಗಬೇಕಾದ ಕೆಲಸ. ಹಾಗಿದ್ದ ಮೇಲೆ ಊರಲ್ಲಿ ಒಳ್ಳೆಯವರು ಯಾರಿದ್ದಾರೆ ಎಂದು ಮೊದಲು ಹುಡುಕಬೇಡವೇ?

ಹುಡುಕಿದಾಗ ಸೇಡಂ ರಸ್ತೆಯ ಕಡೆ ಹಿರಿಯ ಎಲುಬು ತಜ್ಞರೊಬ್ಬರು ಸಿಕ್ಕರು. ಅವರು ಎಂಆರ್‌ಐ ಲಕೋಟೆಯನ್ನು ಪಕ್ಕಕ್ಕೆ ಸರಿಸಿ, "ಮೊದಲು ಮಲಗಿರಿ" ಎಂದರು. ಮೊಣಕಾಲನ್ನು ಕೊಂಚ ಮಡಚಿಸಿ, ಒಂದು ಕೈಯಲ್ಲಿ ತೊಡೆ, ಇನ್ನೊಂದು ಕೈಯಲ್ಲಿ ಮೀನಖಂಡದ ಮೇಲ್ಭಾಗ ಹಿಡಿದು ಮೆಲ್ಲಗೆ ಮುಂದಕ್ಕೆ ಎಳೆದರು. ಲ್ಯಾಕ್‌ಮನ್ ಪರೀಕ್ಷೆ ಎಂದರೆ ಇದೇ. ಬಲಗಾಲು ತುಸು ಅಲುಗಿ ಗಕ್ಕನೆ ನಿಂತಿತು. ಎಡಗಾಲು ನಿಲ್ಲದೆ ಮೆತ್ತಗೆ ಸರಿಯಿತು. ಆ ಸರಿದಾಟ ನನಗೇ ತಿಳಿಯಿತು, ಹೊಟ್ಟೆಯಲ್ಲಿ ಒಂಥರಾ ಆಯಿತು. ಆಮೇಲೆ ಅವರು ಪ್ರಶ್ನೆ ಕೇಳಲು ಕುಳಿತರು. ಕಬಡ್ಡಿ, ಫುಟ್‌ಬಾಲ್? ಇಲ್ಲ. ಕುಳಿತು ಮಾಡುವ ಕೆಲಸವೇ? ಹೌದು. ಮನೆ ಯಾವ ಮಹಡಿ? ಮೊದಲನೆಯದು. ಹೊಲಕ್ಕೆ ಹೋಗುತ್ತೀರಾ? ವರ್ಷಕ್ಕೆ ಕೆಲವು ಸಲ.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎಂಸಿಎಲ್ ಕೀಲಿನ ಹೊರಗಿದೆ, ಅದಕ್ಕೆ ರಕ್ತ ಸಂಚಾರ ಚೆನ್ನಾಗಿದೆ. ಬ್ರೇಸ್ ಹಾಕಿ ಕಾಪಾಡಿದರೆ ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ. ಎಸಿಎಲ್ ಕೀಲಿನೊಳಗಿನ ದ್ರವದಲ್ಲಿದೆ. ಹರಿದ ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ನಿಂತರಲ್ಲವೇ ಗಾಯ ಕೂಡುವುದು? ಅಲ್ಲಿ ಅದು ನಿಲ್ಲುವುದು ಕಷ್ಟ. ಹಾಗಾಗಿ ಎಸಿಎಲ್ ಕೂಡುತ್ತದೆ ಎಂಬ ಭರವಸೆ ಕೊಡಲಾರೆ. ಆದರೆ ಅದಿಲ್ಲದೆಯೂ ಸುತ್ತಲಿನ ಸ್ನಾಯುಗಳು ಬಲವಾಗಿದ್ದರೆ ಎಷ್ಟೋ ಜನರ ಮೊಣಕಾಲು ಗಟ್ಟಿಯಾಗಿ ನಿಲ್ಲುತ್ತದೆ. ಇನ್ನು ಆಪರೇಷನ್ನಿಗೆ ಹೋಗುವುದಾದರೂ ಮೊದಲು ಬಾವು ಇಳಿಯಬೇಕು, ಕಾಲು ಪೂರ್ತಿ ನೆಟ್ಟಗಾಗಬೇಕು, ತೊಡೆಗೆ ಬಲ ಬರಬೇಕು. "ಅಂದರೆ ಮೊದಲ ಮೂರು ತಿಂಗಳ ಕೆಲಸ ಎರಡೂ ದಾರಿಗೆ ಒಂದೇ. ಅದನ್ನು ಮಾಡಿರಿ. ಆಗಲೂ ಕಾಲು ಪದೇಪದೇ ಕೈಕೊಟ್ಟರೆ ನಾನೇ ಆಪರೇಷನ್ನಿಗೆ ಹೇಳುತ್ತೇನೆ" ಎಂದರು.

ಈ ವಾದವೇ ನನ್ನನ್ನು ಒಪ್ಪಿಸಿತು. ಕಳೆದುಕೊಳ್ಳುವುದು ಏನೂ ಇಲ್ಲದ ವ್ಯವಹಾರ ನಮ್ಮ ಗಂಜ್‌ನಲ್ಲಿ ಅಪರೂಪ. ಆಮೇಲೆ ನಾನೂ ಓದಿ ನೋಡಿದೆ. ಸ್ವೀಡನ್ನಿನಲ್ಲಿ ಎಸಿಎಲ್ ಹರಿದ 121 ಯುವಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗನೆ ಆಪರೇಷನ್ ಮತ್ತು ವ್ಯಾಯಾಮ, ಇನ್ನೊಂದು ಗುಂಪಿಗೆ ಮೊದಲು ವ್ಯಾಯಾಮ, ಅಗತ್ಯಬಿದ್ದರೆ ಮಾತ್ರ ಆಪರೇಷನ್ ಎಂದು ಇಟ್ಟು ಅಧ್ಯಯನ ಮಾಡಿದ್ದಾರೆ. 2010ರಲ್ಲಿ ಪ್ರಕಟವಾದ ಎರಡು ವರ್ಷದ ಫಲಿತಾಂಶದಲ್ಲಿ ಎರಡು ಗುಂಪಿನ ಮೊಣಕಾಲುಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ವ್ಯಾಯಾಮದ ಗುಂಪಿನವರಲ್ಲಿ ಐದು ವರ್ಷ ಕಳೆಯುವ ಹೊತ್ತಿಗೆ ಸುಮಾರು ಅರ್ಧದಷ್ಟು ಜನ ಆಪರೇಷನ್ ಮಾಡಿಸಿಕೊಂಡಿದ್ದರು, ಇನ್ನರ್ಧ ಜನಕ್ಕೆ ಅದು ಬೇಕಾಗಲೇ ಇಲ್ಲ. ಈ ಅರ್ಧ ಎಂಬ ಮಾತನ್ನು ಎರಡೂ ಕಡೆಯಿಂದ ಓದಬೇಕು. ನಾನು ಯಾವ ಅರ್ಧಕ್ಕೆ ಸೇರಿದವಳೆಂದು ವ್ಯಾಯಾಮ ಮಾಡಿಯೇ ಗೊತ್ತಾಗಬೇಕಿತ್ತು.

ನಡುವೆ ವಿಮೆಯ ವಿಷಯ ಹೇಳಿಬಿಡುತ್ತೇನೆ, ಕೋಪ ಇನ್ನೂ ಆರಿಲ್ಲ. ನಮ್ಮ ಆರೋಗ್ಯ ವಿಮೆಯಲ್ಲಿ 24 ಗಂಟೆ ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ಖರ್ಚು ಸಿಗುತ್ತದೆ. ಆಪರೇಷನ್ನಿಗೆ ಸಲೀಸಾಗಿ ಸಿಗುತ್ತಿತ್ತು. ಹೊರರೋಗಿಯಾಗಿ ಮಾಡಿಸಿಕೊಳ್ಳುವ ಫಿಸಿಯೋಥೆರಪಿಗೆ ಬಿಡಿಗಾಸಿಲ್ಲ. ಫೋನಿನಲ್ಲಿ ಸಿಕ್ಕ ಹುಡುಗನಿಗೆ, "ನಾನು ನಿಮ್ಮ ಕಂಪನಿಗೆ ಲಕ್ಷಗಟ್ಟಲೆ ಉಳಿಸುತ್ತಿದ್ದೇನಪ್ಪ" ಎಂದೆ. "ಪಾಲಿಸಿಯಲ್ಲಿ ಇಲ್ಲ ಮೇಡಂ" ಎಂದ. ನಮ್ಮ ಯಜಮಾನರು ಅಂದೇ ತೀರ್ಪು ಕೊಟ್ಟರು: "ಕೊಯ್ದರೆ ಅವರ ದುಡ್ಡು, ಕೊಯ್ಯದಿದ್ದರೆ ನಮ್ಮ ದುಡ್ಡು." ಆಪರೇಷನ್ ಬೇಡವೆಂದರೆ ಅಗ್ಗ ಎಂದುಕೊಳ್ಳುವವರಿಗೆ ಇದು ತಿಳಿದಿರಲಿ. ಒಟ್ಟು ಖರ್ಚು ಕಡಿಮೆಯೇ. ಆದರೆ ಅಷ್ಟೂ ಕೈಯಿಂದ, ವಾರವಾರ.

ಮೊದಲ ಆರು ವಾರ ಎರಡು ಬದಿಗೂ ಕಬ್ಬಿಣದ ಪಟ್ಟಿ, ನಡುವೆ ಕೀಲು ಇರುವ ಬ್ರೇಸ್. ಮಡಚಲು ಬಿಡುತ್ತದೆ, ಪಕ್ಕಕ್ಕೆ ವಾಲಲು ಬಿಡುವುದಿಲ್ಲ. ಜೊತೆಗೆ ಊರುಗೋಲು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು ಎಂಬ ಪಾಠ ಅಂದಿನಿಂದ ಬಾಯಿಪಾಠ. ನೆಲದ ಮೇಲೆ ಚಕ್ಕಳಮಕ್ಕಳ ಹಾಕುವಂತಿಲ್ಲ, ಕುಕ್ಕರಗಾಲಿನಲ್ಲಿ ಕೂರುವಂತಿಲ್ಲ. ಶೌಚಾಲಯಕ್ಕೆ ಕಮೋಡ್ ಕುರ್ಚಿ ತಂದೆವು. ಇಂಥದ್ದನ್ನು ಯಾರೂ ಬರೆಯುವುದಿಲ್ಲ, ಆದರೆ ಕಾಲಿಗೆ ಪೆಟ್ಟಾದ ಪ್ರತಿಯೊಬ್ಬರಿಗೂ ಮೊದಲ ದಿನವೇ ಎದುರಾಗುವ ಸಮಸ್ಯೆ ಅದು.

ಫಿಸಿಯೋಥೆರಪಿಸ್ಟ್ ಆಳಂದ ಕಡೆಯ ಹುಡುಗಿ. ನನ್ನನ್ನು ಅಕ್ಕಾ ಎನ್ನುತ್ತಾಳೆ, ಕೆಲಸದಲ್ಲಿ ಮಾತ್ರ ಅತ್ತೆಯಂತೆ. ಮೊದಲ ದಿನ ಮಂಚದ ಮೇಲೆ ಕಾಲು ಚಾಚಿಸಿ, ಮೊಣಕಾಲಿನ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, "ಇದನ್ನು ಕೆಳಕ್ಕೆ ಒತ್ತಿರಿ ಅಕ್ಕಾ" ಎಂದಳು. ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ; ಹಲ್ಲು ಕಚ್ಚಿದೆ, ಸೊಂಟ ಎತ್ತಿತು, ಪಾದ ಅಲುಗಿತು, ತೊಡೆ ಮಾತ್ರ ಬೇರೆಯವರದ್ದೇನೋ ಎಂಬಂತೆ ಬಿದ್ದಿತ್ತು. ಗಾಬರಿಯಾಗಿ ಅವಳ ಮುಖ ನೋಡಿದೆ. ಅವಳು ನನ್ನ ಬೆರಳುಗಳನ್ನು ಹಿಡಿದು ಬಲತೊಡೆಯ ಮೇಲೆ ಇಡಿಸಿ ಒತ್ತಲು ಹೇಳಿದಳು. ಚಿಪ್ಪಿನ ಮೇಲಿನ ಸ್ನಾಯು ಕಲ್ಲಿನಂತೆ ಗಟ್ಟಿಯಾಯಿತು. ಅದೇ ಬೆರಳುಗಳನ್ನು ಎಡಕ್ಕೆ ಸರಿಸಿದಳು: ಮೆತ್ತಗೆ, ಉತ್ತರವೇ ಇಲ್ಲ.

ಕೀಲಿನಲ್ಲಿ ಬಾವು ಇದ್ದರೆ ಅಲ್ಲಿಂದ ಹೋಗುವ ನರಸಂಕೇತಗಳು ತೊಡೆಯ ಮುಂಭಾಗದ ಸ್ನಾಯುವನ್ನು ತಡೆಹಿಡಿಯುತ್ತವಂತೆ. ಸ್ನಾಯುವಿಗೆ ಪೆಟ್ಟಾಗಿರುವುದಿಲ್ಲ, ಅದಕ್ಕೆ ಅಪ್ಪಣೆ ತಲುಪುವುದಿಲ್ಲ. ಆ ಹುಡುಗಿ ಸ್ನಾಯುವಿನ ಮೇಲೆ ಬೆರಳಿನಿಂದ ತಟ್ಟಿದಳು, ವಿದ್ಯುತ್ತಿನ ಸಣ್ಣ ಪ್ಯಾಡ್ ಅಂಟಿಸಿ ಚಿಮುಕಿಸಿದಳು, ಎರಡೂ ಕಾಲನ್ನು ಒಟ್ಟಿಗೆ ಒತ್ತಿಸಿದಳು. ಒಂದು ಸಂಜೆ ಮನೆಯಲ್ಲಿ ಟಿವಿಯ ಮುಂದೆ ಟವೆಲ್ ಒತ್ತುತ್ತಿದ್ದಾಗ ಚಿಪ್ಪು ಕೂದಲೆಳೆಯಷ್ಟು ಮೇಲಕ್ಕೆ ಸರಿಯಿತು. "ನೋಡಿರಿ, ನೋಡಿರಿ" ಎಂದು ಮನೆಯವರನ್ನೆಲ್ಲ ಕರೆದೆ. ಯಾರಿಗೂ ಏನೂ ಕಾಣಲಿಲ್ಲ, ಮಗಳನ್ನು ಬಿಟ್ಟು.

ಎಲ್ಲರೂ 'ರೆಸ್ಟ್ ಮಾಡಿ' ಎನ್ನುತ್ತಿದ್ದ ಆ ದಿನಗಳಲ್ಲೇ ನನ್ನ ತೊಡೆ ಕರಗಿದ್ದು. ಚಿಪ್ಪಿನಿಂದ 15 ಸೆಂಟಿಮೀಟರ್ ಮೇಲೆ ಪೆನ್ನಿನಿಂದ ಗುರುತು ಹಾಕಿ, ದರ್ಜಿಯ ಟೇಪಿನಲ್ಲಿ ಎರಡೂ ತೊಡೆಗಳ ಸುತ್ತಳತೆ ಅಳೆದು ಪ್ರತಿ ಭಾನುವಾರ ನೋಟ್‌ಬುಕ್ಕಿಗೆ ಏರಿಸುತ್ತಿದ್ದೆ. ಎಡ ತೊಡೆ ಮೂರು ಸೆಂಟಿಮೀಟರ್ ಸೊರಗಿತ್ತು. ಅದು ಹೋಗಲು ಹಿಡಿದ ಕಾಲ ಎಷ್ಟು, ಬರಲು ಹಿಡಿದ ಕಾಲ ಎಷ್ಟು ಎಂದು ನೋಡಿದರೆ ಬಡ್ಡಿ ಸಾಲವೇ ವಾಸಿ.

ಬಗ್ಗಿಸುವುದಕ್ಕಿಂತ ನೆಟ್ಟಗೆ ಮಾಡುವುದಕ್ಕೆ ಅವಳು ಹೆಚ್ಚು ಹಟ ಹಿಡಿದಳು. ಹಿಮ್ಮಡಿಯ ಕೆಳಗೆ ಮಡಚಿದ ಕಂಬಳಿ ಇಟ್ಟು, ಮೊಣಕಾಲು ಗಾಳಿಯಲ್ಲಿ ತೂಗುವಂತೆ ಬಿಟ್ಟು ಕೂರಬೇಕು. ಭೂಮಿಯ ಸೆಳೆತವೇ ಎಳೆಯುತ್ತದೆ. ಎರಡು ಡಿಗ್ರಿ ಮಡಚಿಕೊಂಡೇ ಉಳಿದರೂ ಜನ್ಮವಿಡೀ ಕುಂಟಬೇಕಾಗುತ್ತದೆ ಎಂದು ಹೆದರಿಸುತ್ತಿದ್ದಳು. ಮಂಚದ ಮೇಲೆ ಮೊಣಕಾಲಿನ ಹಿಂಬದಿ ಹಾಸಿಗೆಗೆ ತಗಲುವವರೆಗೆ ಬೇರೆ ಯಾವುದಕ್ಕೂ ಬಡ್ತಿ ಇಲ್ಲ.

ಆ ಕ್ಲಿನಿಕ್ಕಿನ ಹಜಾರವೇ ಒಂದು ಊರು. ದಖನಿ, ಮರಾಠಿ, ಕನ್ನಡ ಮೂರೂ ಒಂದೇ ಬೆಂಚಿನ ಮೇಲೆ ನರಳುತ್ತವೆ. ಭುಜ ಎತ್ತಲಾಗದ ಆಟೋ ಚಾಲಕರು, ಹಿಂಡುವಾಗ ಮೊಣಕೈ ನೋಯುವ ಧೋಬಿ ಕಾಕಾ, ಪಾದದ ಕೀಲು ತಿರುಚಿಕೊಂಡ ಕ್ರಿಕೆಟ್ ಹುಡುಗ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ನಿರ್ವಾಹಕರಾಗಿರುವ ಒಬ್ಬರಿಗೆ ಹಿಮ್ಮಡಿಯ ಹಿಂದಿನ ದಪ್ಪ ಟೆಂಡನ್ ನೋವು. ಅವರಿಗೆ ಕೊಟ್ಟ ಮದ್ದು ನೋಡಿ ನಾನು ಬೆರಗಾದೆ: ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲಿನಲ್ಲಿ ನಿಂತು, ನೋಯುವ ಕಾಲಿನ ಮೇಲೆ ಭಾರ ಹಾಕಿ, ಹಿಮ್ಮಡಿಯನ್ನು ಮೆಲ್ಲಗೆ ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸುವುದು, ಒಳ್ಳೆಯ ಕಾಲಿನ ನೆರವಿನಿಂದ ಮೇಲಕ್ಕೆ ಬರುವುದು. ಹದಿನೈದರ ಮೂರು ಸುತ್ತು, ಬೆಳಿಗ್ಗೆ ಸಂಜೆ, ಮೊಣಕಾಲು ನೇರವಾಗಿಟ್ಟು ಒಮ್ಮೆ, ಮಡಚಿ ಒಮ್ಮೆ, ಹನ್ನೆರಡು ವಾರ. ನೋಯುವ ಜಾಗಕ್ಕೇ ಭಾರ!

ಇದರ ಹಿಂದೆ ಸ್ವೀಡನ್ನಿನ ಹೋಕನ್ ಆಲ್ಫ್ರೆಡ್ಸನ್ ಎಂಬ ಎಲುಬಿನ ಶಸ್ತ್ರವೈದ್ಯರಿದ್ದಾರೆ. ಅವರಿಗೇ ಹಿಮ್ಮಡಿಯ ಟೆಂಡನ್ ನೋವಿತ್ತು, ಆಪರೇಷನ್ ಮಾಡಲು ಮೇಲಧಿಕಾರಿ ಒಪ್ಪಲಿಲ್ಲ. ಹರಿದೇ ಹೋಗಲಿ, ಆಗಲಾದರೂ ಮಾಡಲೇಬೇಕಾಗುತ್ತದೆ ಎಂದು ನೋಯುವ ಕಾಲಿನ ಮೇಲೆ ಭಾರ ಹಾಕಿ ವ್ಯಾಯಾಮ ಮಾಡಿದರಂತೆ. ಹರಿಯುವ ಬದಲು ಗುಣವಾಯಿತು. 1998ರಲ್ಲಿ ಈ ಕ್ರಮವನ್ನು ಅವರು ತಮ್ಮ ಸಂಗಡಿಗರೊಂದಿಗೆ ಪ್ರಕಟಿಸಿದರು. ನಿರ್ವಾಹಕರಿಗೆ ಈ ಕಥೆ ಹೇಳಿದಾಗ, "ನಮ್ಮ ಡಿಪೋ ಮ್ಯಾನೇಜರರೂ ರಜೆ ಒಪ್ಪುವುದಿಲ್ಲ, ಅದಕ್ಕೇ ನನಗೂ ಗುಣವಾಗುತ್ತಿದೆ" ಎಂದರು.

ಇಂಜೆಕ್ಷನ್ನಿನ ಮಾತು ನನಗೂ ಬಂತು. ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಕೀಲಿಗೆ ಚುಚ್ಚುವ ಪಿಆರ್‌ಪಿ ಎಂಬ ಚಿಕಿತ್ಸೆ ಈಗ ನಮ್ಮೂರಿನಲ್ಲೂ ಸಿಗುತ್ತದೆ. ಹಿರಿಯ ವೈದ್ಯರನ್ನು ಕೇಳಿದೆ. ಹರಿದ ಎಸಿಎಲ್‌ಗೆ ಅದರಿಂದ ಲಾಭವಿದೆ ಎನ್ನಲು ಗಟ್ಟಿ ಪುರಾವೆ ಇಲ್ಲ, ಮೊಣಕೈ ನೋವಿನಂಥವಕ್ಕೂ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ, ದುಡ್ಡು ಉಳಿಸಿಕೊಳ್ಳಿ ಎಂದರು. ಸ್ಟಿರಾಯ್ಡ್ ಇಂಜೆಕ್ಷನ್ ಬಗ್ಗೆ ಅವರು ಇನ್ನೂ ಬಿಗಿ. ಧೋಬಿ ಕಾಕಾ ಎಲ್ಲೋ ಮೊಣಕೈಗೆ ಅದನ್ನು ಚುಚ್ಚಿಸಿಕೊಂಡಿದ್ದರು. ಕೆಲವು ವಾರ ಸ್ವರ್ಗ, ಆಮೇಲೆ ನೋವು ಮರಳಿತ್ತು. ಮೊಣಕೈ ಟೆಂಡನ್ನಿಗೆ ಅದು ಮೊದಲ ವಾರಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ವರ್ಷದ ಕೊನೆಗೆ ಚುಚ್ಚಿಸಿಕೊಂಡವರ ಸ್ಥಿತಿ ಚುಚ್ಚಿಸಿಕೊಳ್ಳದವರಿಗಿಂತ ಹಿಂದೆ ಉಳಿಯುತ್ತದೆ ಎಂದು ಅಧ್ಯಯನಗಳಲ್ಲಿ ಕಂಡಿದೆ. ಪದೇಪದೇ ಚುಚ್ಚಿದರೆ ಟೆಂಡನ್ ಬಲ ಕಳೆದುಕೊಳ್ಳಬಹುದು.

ಹೋಳಿ ಕಳೆದು ಐದನೆಯ ದಿನ ಶರಣಬಸವೇಶ್ವರರ ರಥೋತ್ಸವ. ಮದುವೆಯಾಗಿ ಬಂದಾಗಿನಿಂದ ತಪ್ಪಿಸಿಲ್ಲ. ಬ್ರೇಸ್ ಬಿಟ್ಟು ಸ್ವಲ್ಪ ದಿನವಾಗಿತ್ತು, ಫಿಸಿಯೋಥೆರಪಿಯ ಹುಡುಗಿಯನ್ನು ಕೇಳಿಯೇ ಬಿಡೋಣವೆಂದು ಕೇಳಿದೆ. "ನಡೆಯಲು ಹೋಗಿರಿ, ನೂಕಿಸಿಕೊಳ್ಳಲು ಹೋಗಬೇಡಿರಿ" ಎಂದಳು. ಜಾತ್ರೆಯ ಜಂಗುಳಿಯಲ್ಲಿ ಯಾರೋ ಪಕ್ಕದಿಂದ ತಳ್ಳಿದಾಗ ಪಾದ ನೆಟ್ಟು ಮೈ ತಿರುಗುವುದು, ನಾನು ಬಿದ್ದ ಭಂಗಿಯೇ. ಪರಿಚಯದವರ ಮಾಳಿಗೆಯ ಮೇಲಿಂದ ತೇರಿಗೆ ಕೈಮುಗಿದೆ.

ಬೇಸಿಗೆ ಕಾಲಿಟ್ಟಿತು. ಕಲಬುರಗಿಯ ಏಪ್ರಿಲ್ ಗೊತ್ತಲ್ಲ, ಬೆಳಿಗ್ಗೆ ಎಂಟಕ್ಕೇ ನೆಲ ಸುಡುತ್ತದೆ. ಬೆಳಕು ಹರಿಯುವ ಮೊದಲೇ ಅಪ್ಪನ ಕೆರೆಯ ದಂಡೆಯಲ್ಲಿ ನಡೆದು, ಕ್ಲಿನಿಕ್ಕಿಗೆ ಹೋಗಿ ಸೈಕಲ್ ತುಳಿದು, ಕುರ್ಚಿಯಿಂದ ಕೈಯೂರದೆ ಎದ್ದು ಕೂತು, ಮೆಟ್ಟಿಲ ಪೆಟ್ಟಿಗೆ ಹತ್ತಿ ಇಳಿದು ಮಿಲ್ಲಿಗೆ ಹೋಗುತ್ತಿದ್ದೆ. ಅಂಗಾತ ಮಲಗಿ ಸೊಂಟ ಎತ್ತುವ ವ್ಯಾಯಾಮ ದಿನವೂ ಇತ್ತು. ತೊಡೆಯ ಹಿಂಬದಿಯ ಸ್ನಾಯುಗಳು ಕೆಳಗಿನ ಎಲುಬನ್ನು ಹಿಂದಕ್ಕೆ ಎಳೆದು ಹಿಡಿಯುತ್ತವೆ. ಎಸಿಎಲ್ ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲು ಅವುಗಳ ತಲೆಗೆ ಬರುತ್ತದೆ. ಮನೆಯಲ್ಲಿ ರೊಟ್ಟಿ ಬಡಿಯುವ ಕೆಲಸ ನೆಲದ ಒಲೆಯಿಂದ ಗ್ಯಾಸ್ ಕಟ್ಟೆಗೆ ಏರಿತು. ನಿಂತು ಬಡಿದ ರೊಟ್ಟಿ ರೊಟ್ಟಿಯೇ ಅಲ್ಲ ಎಂದು ಅತ್ತೆ ಕೆಲವು ದಿನ ಮುನಿದರು. ಆಮೇಲೆ ತಮ್ಮ ಮಂಡಿಗೂ ಅದೇ ಹಿತವೆಂದು ಕಂಡು ಅವರೂ ನಿಂತೇ ಬಡಿಯತೊಡಗಿದರು. ಇಂದಿಗೂ ಮನೆಯಲ್ಲಿ ಹಾಗೆಯೇ.

ಮೆಟ್ಟಿಲ ಪೆಟ್ಟಿಗೆಯ ಎತ್ತರ ಹೆಚ್ಚಿಸಿದ ವಾರ ಹೊಸ ನೋವು ಬಂತು. ಚಿಪ್ಪಿನ ಕೆಳಗೆ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗ. ಮತ್ತೆ ಹರಿಯಿತೇ ಎಂದು ಎದೆ ನಡುಗಿತು. ಅದು ಚಿಪ್ಪಿನಿಂದ ಕಾಲಿನ ಎಲುಬಿಗೆ ಇಳಿಯುವ ಟೆಂಡನ್ ಗೊಣಗಿದ್ದು. ತಿಂಗಳುಗಟ್ಟಲೆ ಖಾಲಿ ಕೂತಿದ್ದ ಟೆಂಡನ್ನಿಗೆ ಭಾರ ಒಮ್ಮೆಲೇ ಏರಿದರೆ ಹಾಗಾಗುತ್ತದೆ. ನಿಲ್ಲಿಸಬೇಕೇ ಎಂದು ಕೇಳಿದೆ. ನಿಲ್ಲಿಸುವುದಲ್ಲ, ಇಳಿಸುವುದು ಎಂದಳು ಆ ಹುಡುಗಿ. ಪೆಟ್ಟಿಗೆ ತಗ್ಗಿತು. ಗೋಡೆಗೆ ಬೆನ್ನು ಒರಗಿಸಿ, ಕುರ್ಚಿ ಇದೆಯೇನೋ ಎಂಬಂತೆ ಅರ್ಧ ಕೂತು ಮುಕ್ಕಾಲು ನಿಮಿಷ ಅಲುಗಾಡದೆ ಇರುವುದು ಹೊಸದಾಗಿ ಸೇರಿತು. ಆಗ ಕಲಿಸಿದ ನಿಯಮವೇ ನನ್ನ ನೋಟ್‌ಬುಕ್ಕಿನ ಮುಖ್ಯ ಕಾಲಂ ಆಯಿತು: ವ್ಯಾಯಾಮದ ಹೊತ್ತಿನಲ್ಲಿ ಸಣ್ಣ ನೋವು ಬಂದರೆ ಬರಲಿ, ಮರುದಿನ ಬೆಳಿಗ್ಗೆಯ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿದ್ದರೆ ನಿನ್ನೆಯ ಭಾರ ಸರಿ. ಬಾವು ಬಂದಿದ್ದರೆ, ಮೆಟ್ಟಿಲಿಳಿಯುವಾಗ ನೋವು ಹೆಚ್ಚಿದ್ದರೆ ಭಾರ ಜಾಸ್ತಿಯಾಯಿತು. ಇಡೀ ವರ್ಷದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮಾತು ಇದೇ. ನೋವಿಗೆ ಹೆದರಿ ಬಿಡುವವರನ್ನೂ ನೋಡಿದೆ, ನೋವು ನುಂಗಿ ಹೊಡೆದುಕೊಂಡು ಮತ್ತೆ ಮಲಗಿದವರನ್ನೂ ನೋಡಿದೆ. ಇಬ್ಬರೂ ಬೆಳಗಿನ ಲೆಕ್ಕ ನೋಡುತ್ತಿರಲಿಲ್ಲ.

ಬಲ ಬಂದ ಮೇಲೂ ಕಾಲಿನ ಮೇಲೆ ನಂಬಿಕೆ ಬಂದಿರಲಿಲ್ಲ. ಲಿಗಮೆಂಟಿನೊಳಗೆ ಕೀಲು ಯಾವ ಕೋನದಲ್ಲಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳಿವೆಯಂತೆ. ಹರಿದಾಗ ಆ ಸುದ್ದಿಯೂ ನಿಂತುಹೋಗುತ್ತದೆ. ಒಂಟಿಗಾಲಿನಲ್ಲಿ ನಿಲ್ಲುವುದು, ಅದೇ ಕಣ್ಣು ಮುಚ್ಚಿ ನಿಲ್ಲುವುದು, ಕೆಳಗೆ ಉರುಳುವ ಹಲಗೆ ಇರುವಾಗ ಆ ಹುಡುಗಿ ಹೇಳದೆ ಕೇಳದೆ ಭುಜಕ್ಕೆ ತಳ್ಳುವುದು. ಮೊದಮೊದಲು ಗೋಡೆಯನ್ನು ತಬ್ಬಿಕೊಂಡೆ. ಆಮೇಲೆ ಹಲ್ಲುಜ್ಜುವಾಗಲೂ ಒಂಟಿಗಾಲೇ.

ಮಳೆಗಾಲ ಮುಗಿಯುವ ಹೊತ್ತಿಗೆ ಪರೀಕ್ಷೆ. ಒಂಟಿಗಾಲಿನಲ್ಲಿ ಮುಂದಕ್ಕೆ ಜಿಗಿದು ಅದೇ ಕಾಲಿನ ಮೇಲೆ ನಿಲ್ಲಬೇಕು, ಎರಡೂ ಕಾಲಿನ ದೂರ ಅ​ಳೆದು ಹೋಲಿಸಬೇಕು. ಪೆಟ್ಟಾದ ಕಾಲು ಒಳ್ಳೆಯದರ ಶೇ. 90ರಷ್ಟಾದರೂ ಜಿಗಿಯಬೇಕೆಂಬುದು ರೂಢಿಯ ಅಳತೆ. ಕಾಟನ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕ್ರಿಕೆಟ್ ಹುಡುಗರ ಮುಂದೆ ನಲವತ್ತರ ಹೆಂಗಸು ಕುಂಟಾಬಿಲ್ಲೆ ಆಡುವುದು ಸಣ್ಣ ಮಾತೇ? ಆದರೂ ಜಿಗಿದೆ. ಶೇ. 92 ಬಂತು. ಹುಡುಗರು ಚಪ್ಪಾಳೆ ತಟ್ಟಿದರು.

ಆದರೆ ನನಗೆ ಭರವಸೆ ಬಂದದ್ದು ಎಳ್ಳಮಾವಾಸ್ಯೆಯ ದಿನ. ಅಂದು ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ತುಂಬಿದ ಬುಟ್ಟಿ ಹೊತ್ತು ಎರೆ ಹೊಲದಲ್ಲಿ ನಡೆಯಬೇಕು. ಎರೆಮಣ್ಣು ಒಣಗಿದಾಗ ಪಾದ ಇಳಿಯುವಷ್ಟು ಅಗಲದ ಬಿರುಕು ಬಿಡುತ್ತದೆ, ಹೆಂಟೆಗಳು ಕಾಲಿನಡಿ ಉರುಳುತ್ತವೆ, ತೊಗರಿ ಸಾಲಿನ ನಡುವೆ ನೆಲ ಕಾಣುವುದೂ ಇಲ್ಲ. ಕ್ಲಿನಿಕ್ಕಿನ ಉರುಳು ಹಲಗೆ ಇದರ ಮುಂದೆ ಏನೂ ಅಲ್ಲ. ಬುಟ್ಟಿ ನೆಗೆಣ್ಣಿಯ ತಲೆಯ ಮೇಲಿತ್ತು. ಅರ್ಧ ದಾರಿಯಲ್ಲಿ ನಾನೇ ಕೇಳಿ ಇಸಿದುಕೊಂಡೆ. ಅವಳು ಪಕ್ಕದಲ್ಲೇ ಕೈ ಚಾಚಿಕೊಂಡು ನಡೆದಳು. ಒಮ್ಮೆ ಹೆಂಟೆ ಉರುಳಿ ಎಡಪಾದ ವಾಲಿತು, ನಾನು ಯೋಚಿಸುವ ಮೊದಲೇ ತೊಡೆ ಬಿಗಿದು ಹಿಡಿಯಿತು. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲುವವರ "ಹುಲಿಗ್ಯೋ... ಚಲ್ಲಂಬರಿಗ್ಯೋ" ಕೂಗು ಆಚೆ ಹೊಲದಿಂದ ಕೇಳುತ್ತಿತ್ತು.

ಕಳೆದ ತಿಂಗಳು ಹಿರಿಯ ವೈದ್ಯರಲ್ಲಿಗೆ ಹೋಗಿದ್ದೆ. ಅದೇ ಲ್ಯಾಕ್‌ಮನ್ ಪರೀಕ್ಷೆ. ಎಡಗಾಲು ಬಲಕ್ಕಿಂತ ಈಗಲೂ ಹೆಚ್ಚು ಅಲುಗುತ್ತದೆ, ಆದರೆ ಮೊದಲಿನಂತೆ ಮೆತ್ತಗೆ ಸರಿದುಹೋಗುವುದಿಲ್ಲ, ಕೊನೆಗೆ ಒಂದು ತಡೆ ಸಿಗುತ್ತದೆ. ಒಳಗೆ ಏನಾಗಿದೆ ನೋಡಲು ಇನ್ನೊಂದು ಎಂಆರ್‌ಐ ಬೇಕೇ ಎಂದು ಕೇಳಿದೆ. ಕಾಲು ಕೈಕೊಡುತ್ತಿಲ್ಲ, ಬಾವು ಬರುತ್ತಿಲ್ಲ, ಚಿತ್ರ ತೆಗೆದು ಮಾಡುವುದೇನು ಎಂದರು. ಮುಂದೆ ಕೈಕೊಡತೊಡಗಿದರೆ, ಸಿಕ್ಕಿಕೊಂಡಂತಾದರೆ ತಡಮಾಡದೆ ಬರಬೇಕು. ಹಾಗೆ ಅಲುಗುವ ಕೀಲನ್ನು ದೂಡುತ್ತ ಹೋದರೆ ಮೆನಿಸ್ಕಸ್ ಸವೆದು ಹರಿಯಬಹುದು. ವಾರಕ್ಕೆ ಎರಡು ಸಲ ತೊಡೆಯ ವ್ಯಾಯಾಮ ಇನ್ನು ಮುಂದೆಯೂ ಬಿಡುವಂತಿಲ್ಲ. ಸ್ಕೂಟಿ ಓಡಿಸಬಹುದು, ಹೊಲಕ್ಕೆ ಹೋಗಬಹುದು, ನೆಲದ ಮೇಲೆ ಕೂರಬಹುದು. ಗಕ್ಕನೆ ತಿರುಗಿ ಓಡುವ ಆಟಗಳಾದರೆ ಮೊದಲು ತಮ್ಮ ಜೊತೆ ಕೂತು ಮಾತಾಡಬೇಕು ಎಂದರು. ಮಗಳು ಬೇಸಿಗೆ ರಜೆಗೆ ಬ್ಯಾಡ್ಮಿಂಟನ್ ರಾಕೆಟ್ ಎರಡು ತರಿಸಿಟ್ಟಿದ್ದಾಳೆ, ಒಂದು ನನಗೆ. ಆ ಮಾತನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇನೆ. ನೋಟ್‌ಬುಕ್ಕಿನಲ್ಲಿ ಎರಡು ಪುಟ ಬಾಕಿ ಇವೆ.